ಅಕ್ಕಿ ಡಬ್ಬಿಯ ಬೆಳ್ಳಿ

ಒಂದು ಮಿರ್ಚಿ ತಿನ್ನದೆ ಮನೆಗೆ ಬಂದ ಸಂಜೆ, ಆ ಸಂಗತಿಯನ್ನು ಕನಿಷ್ಠ ನಾಲ್ವರಿಗೆ ತಿಳಿಸದೆ ನಾನು ಊಟಕ್ಕೆ ಕೂತದ್ದಿಲ್ಲ. ಇದು ನನ್ನ ದೌರ್ಬಲ್ಯ. ಮೊದಲಿಗೇ ಒಪ್ಪಿಕೊಂಡುಬಿಡುವುದು ಲೇಸು. ರಾಜ್ಯ ತ್ಯಜಿಸಿದವರು, ಸಂಸಾರ ತ್ಯಜಿಸಿದವರು ಅದನ್ನು ಹೇಳಿಕೊಳ್ಳದೆ ಇರಬಲ್ಲರು. ಆದರೆ ಬಳ್ಳಾರಿಯಲ್ಲಿ, ಸಂಜೆ ಆರರ ಹೊತ್ತಿಗೆ, ಕಾದ ಎಣ್ಣೆಯ ಬಾಣಲೆಯಿಂದ ಎರಡೇ ಮಾರು ದೂರದಲ್ಲಿ ನಡೆದುಹೋಗುತ್ತ, ಮಂಡಕ್ಕಿ ಒಗ್ಗರಣೆಯ ಪಕ್ಕದಲ್ಲಿ ಕೂತು ಕರೆಯುವ ಬಿಸಿ ಮಿರ್ಚಿಯನ್ನು ತ್ಯಜಿಸಿದವಳು ಮೌನವಾಗಿರಬೇಕೆನ್ನುವುದು ಅನ್ಯಾಯ. ತ್ಯಾಗದ ಪ್ರಮಾಣವನ್ನು ವಸ್ತುವಿನ ಬೆಲೆಯಿಂದ ಅಳೆಯಬಾರದು, ವಾಸನೆಯಿಂದ ಅಳೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾನು ಸತ್ಯನಾರಾಯಣಪೇಟೆಯವಳು, ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ನಮ್ಮ ಗೌರವಧನ ಯಾವ ದಿನ ಬಂದೀತೆಂಬುದನ್ನು ಯಾವ ಪಂಚಾಂಗದವರೂ ಹೇಳಲಾರರು. ಹೀಗೆ ಗಳಿಕೆಯ ಮೇಲೆ ಅಧಿಕಾರವಿಲ್ಲದವರು ಖರ್ಚಿನ ಮೇಲಾದರೂ ಅಧಿಕಾರ ಸ್ಥಾಪಿಸಬೇಕು ಎಂಬ ತತ್ತ್ವದಿಂದ ನಾನು ಹೊರಟೆ. ತಿನ್ನದ ಮಿರ್ಚಿಯ ಹಣ, ಕುಡಿಯದ ಎರಡನೆಯ ಚಹಾದ ಹಣ, ಬೆಳಗಿನ ತಂಪಿನಲ್ಲಿ ಕಾಲೇಜಿಗೆ ನಡೆದು ಉಳಿಸಿದ ಆಟೋ ಹಣ ಒಂದು ಡಬ್ಬಿಗೆ ಬೀಳುತ್ತದೆ. ಮಧ್ಯಾಹ್ನ ವಾಪಸು ಬರುವಾಗ ಮಾತ್ರ ಆಟೋ. ಬಳ್ಳಾರಿಯ ಎರಡು ಗಂಟೆಯ ಬಿಸಿಲಿನ ಜತೆ ಸಿದ್ಧಾಂತದ ಹೆಸರಿನಲ್ಲಿ ಜಗಳಕ್ಕೆ ನಿಲ್ಲುವಷ್ಟು ಮೂಢಳು ನಾನಲ್ಲ. ನಿಂತಿದ್ದೆ ಒಮ್ಮೆ, ಉಳಿಸಿದ್ದರ ಮೂರು ಪಟ್ಟು ಎಳನೀರಿಗೆ ಹೋಯಿತು.

ಬಸ್ಸಿನ ವಿಷಯದಲ್ಲಿ ನನ್ನದೊಂದು ಆವಿಷ್ಕಾರವಿದೆ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಕಂಡಕ್ಟರು ನಮಗೆ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಡುತ್ತಾರಷ್ಟೆ. ನಾನು ಪಕ್ಕದ ಗಂಡಸರ ಟಿಕೆಟ್ಟನ್ನು ಓರೆಗಣ್ಣಿನಿಂದ ನೋಡಿ, ಅದೇ ಮೊತ್ತವನ್ನು ಮನೆಗೆ ಬಂದು ಡಬ್ಬಿಗೆ ಹಾಕುತ್ತೇನೆ. ಸರ್ಕಾರ ಕೊಟ್ಟದ್ದನ್ನು ಕೈಯಲ್ಲಿ ಹಿಡಿದು ನೋಡದಿದ್ದರೆ ಅದು ಕೊಟ್ಟದ್ದು ಹೇಗಾದೀತು? ಹಾಗೆಯೇ ಮೊಬೈಲಿನ ಅಂಗಡಿಗಳು. ಅವು ಒಂದು ಬಾಚಣಿಗೆ ಕೊಳ್ಳಹೋದವಳಿಗೆ, ಇನ್ನೊಂದಿಷ್ಟು ಕೊಂಡರೆ ಸಾಗಣೆ ಉಚಿತವೆಂದು ಹೇಳಿ, ಬಾಚಣಿಗೆಯ ಜತೆಗೆ ಬೇಡದ ಬುಟ್ಟಿಯೊಂದನ್ನು ಕೊಡುತ್ತವೆ. ನಾನು ಬೇಕಾದುದನ್ನು ಆರಿಸಿ, ಎರಡು ದಿನ ಹಾಗೇ ಬಿಟ್ಟುಬಿಡುತ್ತೇನೆ. ಮೂರನೆಯ ದಿನ ನೋಡಿದರೆ, ಆರಿಸಿದವಳು ಯಾರೋ ಬೇರೆ ಹೆಂಗಸು ಎನಿಸುತ್ತದೆ.

ಇನ್ನು ಅಕ್ಕಿ. ನಮ್ಮ ಅತ್ತೆ ಗೌರಮ್ಮನವರ ತವರು ಸಿರುಗುಪ್ಪ. ವರ್ಷಕ್ಕೊಮ್ಮೆ ಅತ್ತೆ-ಸೊಸೆ ಅಲ್ಲಿಗೆ ಹೋಗಿ, ಗಿರಣಿಯಲ್ಲೇ ವರ್ಷದ ಸೋನಾ ಮಸೂರಿ ಕೊಂಡು, ದೋಸೆಗೆ ಇಡ್ಲಿಗೆಂದು ಒಂದು ಚೀಲ ನುಚ್ಚನ್ನೂ ಹಾಕಿಸಿಕೊಂಡು ಬರುತ್ತೇವೆ. ಅಂಗಡಿಯಲ್ಲಿ ತಿಂಗಳು ತಿಂಗಳು ಕೊಳ್ಳುವುದಕ್ಕಿಂತ ಇದು ಎಷ್ಟೋ ಅಗ್ಗ. ಅತ್ತೆ ಗಿರಣಿಯವರ ಎದುರಿಗೆ ಒಂದು ಹಿಡಿ ಅಕ್ಕಿ ಬಾಯಿಗೆ ಹಾಕಿಕೊಂಡು, ಕಡಿದು, "ಇದು ಹೊಸದೈತಪ್ಪಾ, ಅನ್ನ ಮುದ್ದಿ ಆಗತೈತಿ. ಹಳೇದು ತೆಗಿ," ಎನ್ನುತ್ತಾರೆ. ಗಿರಣಿಯವರು ಮರುಮಾತಿಲ್ಲದೆ ಹಳೆಯದನ್ನು ತೆಗೆಯುತ್ತಾರೆ. ಅಂತರ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಪಡೆದ ನನಗೆ ಎದುರಾಳಿಯನ್ನು ಒಂದು ಹಿಡಿ ಅಕ್ಕಿಯಲ್ಲಿ ಹೀಗೆ ಮಣಿಸುವ ಕಲೆ ಇಂದಿಗೂ ಒಲಿದಿಲ್ಲ.

ಉಳಿದದ್ದನ್ನೆಲ್ಲ ಬೆಳ್ಳಿಯಲ್ಲೇ ಏಕೆ ತೊಡಗಿಸಬೇಕು? ನನ್ನನ್ನು ಕೇಳಿದವರು ಕೇಳಿದ್ದಕ್ಕೆ ಪಶ್ಚಾತ್ತಾಪಪಟ್ಟಿದ್ದಾರೆ. ಆದರೂ ಹೇಳುತ್ತೇನೆ. ರೂಪಾಯಿ ಎಂಬ ಮಾತಿನ ಬೇರೇ ಬೆಳ್ಳಿಯಲ್ಲಿದೆ. ಸಂಸ್ಕೃತದ ರೂಪ್ಯವೆಂದರೆ ಬೆಳ್ಳಿ. ನೋಟು ಕಾಗದವಾಗಿ, ಕಾಗದ ಮೊಬೈಲಿನ ಸದ್ದಾಗಿ ಬದಲಾದರೂ ನಾವು ಅರಿಯದೆ ಬೆಳ್ಳಿಯ ಹೆಸರನ್ನೇ ಜಪಿಸುತ್ತಿದ್ದೇವೆ. ಚಿನ್ನ ನಮ್ಮಂಥವರ ಡಬ್ಬಿಗೆ ನಿಲುಕುವುದಿಲ್ಲ. ಕಾಳಿನಷ್ಟು ಕೊಂಡು ಅದನ್ನು ಕಾಯುವ ಚಿಂತೆಯೇ ಹೆಚ್ಚಾಗುತ್ತದೆ. ಬೆಳ್ಳಿಯೋ, ಹೆಣ್ಣಿನ ಕಾಲಿನಲ್ಲಿ ಧೂಳು ತಿನ್ನುತ್ತ ದುಡಿದ ಲೋಹ. ಚಿನ್ನವನ್ನು ಸೊಂಟದ ಕೆಳಗೆ ತೊಡಬಾರದೆಂಬ ಮರ್ಯಾದೆಯನ್ನು ಮಾಡಿದ ಸಮಾಜ, ಬೆಳ್ಳಿಯನ್ನು ಕಾಲುಂಗುರ ಮಾಡಿ ಮಣ್ಣಿಗೆ ಬಿಟ್ಟಿತು. ಅದನ್ನು ಕಾಲಿನಿಂದ ಎತ್ತಿ ಬಂಡವಾಳದ ಪೀಠದಲ್ಲಿ ಕೂರಿಸುವುದು ಒಂದು ಸಾಮಾಜಿಕ ಸುಧಾರಣೆಯೆಂದೇ ನನ್ನ ವಾದ. ಒಂದೇ ಷರತ್ತು: ಗೆಜ್ಜೆ, ಚೈನು, ಬಟ್ಟಲು ಕೊಳ್ಳಬಾರದು. ಕೊಳ್ಳುವಾಗ ಮಜೂರಿ ಕೊಟ್ಟು, ಮಾರುವಾಗ ಬೆಸುಗೆಯ ತೂಕ ಕಳೆದುಕೊಂಡು, ಎರಡೂ ಬಾಗಿಲಲ್ಲಿ ತಲೆ ಬಡಿಸಿಕೊಳ್ಳಬೇಕಾಗುತ್ತದೆ. ಶುದ್ಧತೆಯ ಮುದ್ರೆಯಿರುವ ಹತ್ತು ಗ್ರಾಂ ನಾಣ್ಯ, ಅದರ ಜತೆಗೆ ಬಿಲ್ಲು. ದರ ಇಳಿದ ತಿಂಗಳು ಎದೆಗುಂದಬಾರದು, ಏರಿದ ತಿಂಗಳು ಹಿಗ್ಗಬಾರದು. ತಿಂಗಳಿಗೊಂದು ನಾಣ್ಯ, ಅಷ್ಟೆ.

ಈ ಉಪದೇಶವನ್ನು ಪೂರ್ತಿ ಕೇಳಿ, ಪೂರ್ತಿ ನಂಬಿ, ಪೂರ್ತಿ ಪಾಲಿಸಿದ ಒಬ್ಬಳೇ ಒಬ್ಬಳು ಶಮೀಮ್. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಅವಳೂ ನಾನೂ ಜೋಡಿ. ವಿಷಯದ ಪರ ನಾನು, ವಿರೋಧ ಅವಳು. ಮಿತವ್ಯಯದಿಂದ ಮಹಿಳೆಗೆ ಸ್ವಾತಂತ್ರ್ಯವೆಂದು ನಾನು ವೇದಿಕೆಯ ಮೇಲೆ ಗುಡುಗಿದ ದಿನ, ಅವಳು ಎದ್ದು, "ಉಳಿಸಿರಿ ಎಂದು ಹೇಳುವ ಮೊದಲು ಅವಳ ಕೈಗೆ ಉಳಿಸುವಷ್ಟು ಬರಲಿ" ಎಂದು ಎರಡೇ ಮಾತಿನಲ್ಲಿ ನನ್ನನ್ನು ಕೂರಿಸಿಬಿಟ್ಟಿದ್ದಳು. ಮುಂದೆ ಮದುವೆಯಾಗಿ ಕುರುಗೋಡಿಗೆ ಹೋದಳು. ಈಗ ಕೌಲ್ ಬಜಾರಿನ ಜೀನ್ಸ್ ಕಾರ್ಖಾನೆಗಳಿಂದ ಕತ್ತರಿಸಿದ ಬಟ್ಟೆಯ ಗಂಟು ತರಿಸಿಕೊಂಡು, ಮನೆಯಲ್ಲೇ ಹೊಲಿದು, ವಾರಕ್ಕೊಮ್ಮೆ ಬಂದು ಒಪ್ಪಿಸುತ್ತಾಳೆ. ಅವಳ ಬಳಿ ಇದ್ದುದು ಒಂದೇ ಸೂಜಿಯ ಹಳೆಯ ಮಷೀನು. ಅದರಲ್ಲಿ ಜೇಬು ಮಾತ್ರ ಹೊಲಿಯಬಹುದು. ಒಂದು ಜೇಬಿಗೆ ಸಿಗುವ ಹಣದಲ್ಲಿ ಒಂದು ಜೇಬೂ ತುಂಬುವುದಿಲ್ಲ. ಎರಡು ಸೂಜಿಯ ಮೋಟಾರು ಮಷೀನಿದ್ದರೆ ಪ್ಯಾಂಟಿನ ಪಕ್ಕದ ಜೋಡಿ ಹೊಲಿಗೆಯೂ ಬರುತ್ತದೆ. ಆಗ ಇಡೀ ಪ್ಯಾಂಟನ್ನೇ ಕೊಡುತ್ತಾರೆ. ಅಂಥದೊಂದು ಮಷೀನು ಸ್ವಂತಕ್ಕೆ ಬೇಕು ಎಂಬುದು ಶಮೀಮಳ ಎಂಟು ವರ್ಷದ ಆಸೆ.

"ನೀ ಮಾತಾಡಿದ್ದು ಅವತ್ತು ಖರೇ ಅನ್ನಿಸಿರಲಿಲ್ಲ ಲೇ," ಎಂದಳು ಒಂದು ದಿನ, ಗಂಟು ಒಪ್ಪಿಸಿ ನಮ್ಮ ಮನೆಗೆ ಬಂದಾಗ. "ಈಗ ಅನ್ನಿಸಾಕತ್ತೈತಿ. ನಾನೂ ತಿಂಗಳಾ ಒಂದ ನಾಣ್ಯ ಹಿಡೀತೀನಿ. ಆದರ ಇಡೂದು ನಿನ್ನಂತೇಕ."

"ನಿನ್ನ ಮನಿಯಾಗ ಯಾಕ ಬ್ಯಾಡ?"

"ನಮ್ಮನಿಯವರು ಒಳ್ಳೇವರ ಅದಾರ. ಆದರ ಕೈ ಸಡಿಲ. ಬೆಳ್ಳಿ ಕಣ್ಣಿಗೆ ಬಿತ್ತಂದ್ರ ನಾದಿನಿ ಮಗಳ ಮದುವಿಗೆ ಗೆಜ್ಜಿ ಆಗಿ ಕುಣೀತೈತಿ. ಯಾರಿಗೂ ಹೇಳಬ್ಯಾಡ. ಅಮ್ಮಗೂ ಹೇಳಬ್ಯಾಡ." ಅಮ್ಮ ಎಂದರೆ ನಮ್ಮ ಅತ್ತೆ. ಅತ್ತೆಗೆ ಹೇಳಿದ ಸುದ್ದಿ ಸತ್ಯನಾರಾಯಣಪೇಟೆಯಿಂದ ಕುರುಗೋಡಿಗೆ ಬಸ್ಸಿಗಿಂತ ಮೊದಲು ಮುಟ್ಟುತ್ತದೆ ಎಂಬುದು ಇಬ್ಬರಿಗೂ ತಿಳಿದಿತ್ತು.

ಅಂದಿನಿಂದ ಪ್ರತಿ ತಿಂಗಳೂ ಶಮೀಮ್ ಒಂದು ಜೀನ್ಸ್ ಜೇಬನ್ನು ತಂದು ನನ್ನ ಕೈಗಿಡುತ್ತಿದ್ದಳು. ಪ್ಯಾಂಟಿಲ್ಲದ ಬರಿಯ ಜೇಬು. ಚೂರು ಬಟ್ಟೆಯಲ್ಲಿ ಹೊಲಿದದ್ದು, ಬಾಯಿಗೆ ಗುಂಡಿ. ಒಳಗೆ ಮಡಿಸಿ ಮಡಿಸಿ ಮೆತ್ತಗಾದ ನೋಟುಗಳು. ಬಸ್ ನಿಲ್ದಾಣದ ಚಹಾ ಬಿಟ್ಟದ್ದು, ಕೋನಿನ ತುದಿಯಲ್ಲಿ ಉಳಿದ ದಾರವನ್ನು ಗಂಟು ಹಾಕಿ ಮತ್ತೆ ಬಳಸಿದ್ದು, ಹಬ್ಬಕ್ಕೆ ತನಗೆ ಸೀರೆ ತರದೆ ಇದ್ದದ್ದು ಎಲ್ಲ ಆ ಜೇಬಿನಲ್ಲಿರುತ್ತಿತ್ತು. ನನ್ನ ಮಿರ್ಚಿತ್ಯಾಗ ಅದರ ಮುಂದೆ ಎಷ್ಟರದು? ನಾನು ನಾಚಿಕೊಂಡು ಇನ್ನಷ್ಟು ಬಿಗಿಯಾದೆ. ನನಗೊಂದು, ಅವಳಿಗೊಂದು, ಎರಡು ವರ್ಷಕ್ಕೆ ನಲವತ್ತೆಂಟು ನಾಣ್ಯಗಳಾದವು. ಅಷ್ಟಾದ ಮೇಲೆ ಶಮೀಮ್ ಮಷೀನು ಹುಡುಕತೊಡಗಿದಳು, ಹೊಸ ನಾಣ್ಯ ಕೊಳ್ಳುವುದನ್ನು ಇಬ್ಬರೂ ನಿಲ್ಲಿಸಿದೆವು.

ಅಲ್ಲಿಯವರೆಗೆ ನನ್ನ ಪುಸ್ತಕಗಳ ಹಿಂದಿದ್ದ ಅವನ್ನು ಬಚ್ಚಿಡಲು ಆ ವರ್ಷ ನಾನು ಆರಿಸಿದ ಹೊಸ ಸ್ಥಳ ಅಕ್ಕಿಯ ದೊಡ್ಡ ಡಬ್ಬಿಯ ತಳ. ಇದು ವೈಜ್ಞಾನಿಕ ನಿರ್ಧಾರವಾಗಿತ್ತು. ಅಕ್ಕಿ ತೇವ ಹೀರುತ್ತದೆ. ಬೆಳ್ಳಿ ಬೇಗ ಕಪ್ಪಾಗುವುದಿಲ್ಲ. ಕಳ್ಳರು ಬೀರು ಒಡೆಯುತ್ತಾರೆಯೇ ಹೊರತು ಅಕ್ಕಿ ಕೇರುವುದಿಲ್ಲ. ಈ ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಒಂದೇ ಒಂದು ಸಂಗತಿಯನ್ನು ಬಿಟ್ಟಿದ್ದೆ: ದೀಪಾವಳಿಯ ಅಮಾವಾಸ್ಯೆಯ ದಿನ ಲಕ್ಷ್ಮಿಯನ್ನು ಕೂರಿಸಲು ನಮ್ಮ ಮನೆಯಲ್ಲಿ ಅಕ್ಕಿಯನ್ನು ಡಬ್ಬಿಯ ತಳದಿಂದ ತೆಗೆಯುತ್ತಾರೆ. ಮೇಲಿನದು ದಿನವೂ ಕೈಯಾಡಿದ ಅಕ್ಕಿ, ತಳದ್ದು ಮುಟ್ಟದ ಅಕ್ಕಿ ಎಂಬುದು ಅತ್ತೆಯ ಮಡಿ. ಹದಿನೈದು ವರ್ಷ ಸೊಸೆಯಾಗಿದ್ದು ನಾನು ಇದನ್ನು ಗಮನಿಸಿರಲಿಲ್ಲ. ಆ ದಿನಗಳಲ್ಲಿ ನಾನು ಸಾಮಾನ್ಯವಾಗಿ ಪಟಾಕಿಯ ದುಷ್ಪರಿಣಾಮಗಳ ಕುರಿತು ಓಣಿಯಲ್ಲಿ ಮಾತನಾಡುತ್ತಿರುತ್ತೇನೆ.

ಓಣಿಯ ಮಾತು ಮುಗಿಸಿ ಒಳಗೆ ಬಂದರೆ ದೇವರ ಮುಂದೆ ನಲವತ್ತೆಂಟು ನಾಣ್ಯಗಳು ಅಕ್ಕಿಯ ರಾಶಿಯ ಸುತ್ತ ಹೊಳೆಯುತ್ತಿವೆ. ಪ್ರತಿಯೊಂದರ ಹಣೆಗೂ ಅರಿಶಿನ, ಕುಂಕುಮ. ಅತ್ತೆಯ ಕಣ್ಣಲ್ಲಿ ನೀರು.

"ಯಮ್ಮಾ ನಿರ್ಮಲಾ," ಎಂದು ಅವರು ನನ್ನ ಗದ್ದ ಹಿಡಿದುಕೊಂಡರು. "ದೇವರಿಲ್ಲ ದಿಂಡರಿಲ್ಲ ಅಂತ ಊರ ತುಂಬ ಭಾಷಣ ಮಾಡ್ತಿದ್ದಿ. ಯಾರಿಗೂ ಗೊತ್ತಾಗದಂಗ ಅಕ್ಕ್ಯಾಗ ಲಕ್ಷ್ಮಿನ್ನ ಕುಂದ್ರಿಸೀಯಲ್ಲ! ನಾ ಸಾಯೂದ್ರಾಗ ನಿನಗ ಬುದ್ಧಿ ಬರತೈತಿಲ್ಲೋ ಅನಕೊಂಡಿದ್ನಿ."

ಓದುಗರೇ, ನನ್ನ ಜಾಗದಲ್ಲಿ ನಿಂತು ಯೋಚಿಸಿ. ಸತ್ಯ ಹೇಳಿದರೆ ಗೆಳತಿಗೆ ಕೊಟ್ಟ ಮಾತು ಮುರಿಯುತ್ತದೆ, ಮುದುಕಿಯ ಸಂತೋಷವೂ ಒಡೆಯುತ್ತದೆ. ನಾನು ಸುಮ್ಮನಿದ್ದೆ. ಸುಳ್ಳು ಹೇಳಲಿಲ್ಲ ಎಂಬ ಸಮಾಧಾನ ಮಾತ್ರ ಇತ್ತು. ಅದು ಎಷ್ಟು ತೆಳ್ಳಗಿನ ಸಮಾಧಾನವೆಂಬುದು ಆಮೇಲೆ ತಿಳಿಯಿತು. ಓಣಿಯ ಹೆಂಗಸರೆಲ್ಲ ಬಂದು ಕೈಮುಗಿದು ಹೋದರು. ನಾಣ್ಯಗಳು ಅಕ್ಕಿಯ ಡಬ್ಬಿಗೆ ಮರಳಲಿಲ್ಲ. ದೇವರ ಮಾಡದಲ್ಲಿ ಹಿತ್ತಾಳೆಯ ಬಟ್ಟಲಿಗೆ ಸೇರಿದವು. ಪ್ರತಿ ಶುಕ್ರವಾರ ಕುಂಕುಮದ ಮೇಲೆ ಕುಂಕುಮ. ಅತ್ತ ಪೇಟೆಯಲ್ಲಿ ಬೆಳ್ಳಿಯ ದರ ಏರುತ್ತಲೇ ಇತ್ತು. ನಮ್ಮ ಮನೆಯ ಬೆಳ್ಳಿಯೋ ದರದ ಆಚೆಗೆ ಹೋಗಿ ಕೂತಿತ್ತು.

ಐದು ತಿಂಗಳ ಬಳಿಕ, ಒಂದು ಬುಧವಾರ ಶಮೀಮಳ ಫೋನು ಬಂತು. ಮಾತಿಗಿಂತ ಮೊದಲು ನಗು ಕೇಳಿಸಿತು.

"ಮಷೀನ್ ಸಿಕ್ತು ಲೇ! ಕೌಲ್ ಬಜಾರ್‌ದಾಗ ಒಬ್ಬ ಸೇಠ್ ಕಾರ್ಖಾನಿ ಖಾಲಿ ಮಾಡಾಕತ್ತಾನ. ಎರಡ ಸೂಜೀದು, ಮೋಟಾರ್, ಟೇಬಲ್ ಎಲ್ಲಾ ಸೇರಿ. ರಾಯದುರ್ಗದವರು ಒಬ್ಬರು ಕೇಳಿ ಹೋಗ್ಯಾರಂತ. ನಾ ಕಾಲ ಹಿಡದೀನಿ. ಐತ್ವಾರದ ಮಟ ಕಾಯ್ತೀನಿ ಅಂದಾನ. ಇವತ್ತಿನ ದರದಾಗ ನನ್ನ ನಾಣ್ಯ ಬರೋಬ್ಬರಿ ಆಗತಾವ. ಬೆಳ್ಳಿ ಅಕ್ಕ್ಯಾಗ ಆರಾಮ ಐತಿಲ್ಲ?"

"ಆರಾಮ ಐತಿ," ಎಂದೆ.

ಭಾನುವಾರಕ್ಕೆ ನಾಲ್ಕು ದಿನ. ನನ್ನ ಗೌರವಧನ ಮೂರು ತಿಂಗಳಿಂದ ಬಂದಿರಲಿಲ್ಲ. ಯಜಮಾನರು ಉಕ್ಕಿನ ಕಾರ್ಖಾನೆಯ ಪಾಳಿಯಲ್ಲಿರುವವರು. ಮನೆಯಲ್ಲಿದ್ದಾಗ ನಿದ್ದೆಯಲ್ಲಿರುತ್ತಾರೆ, ಎಚ್ಚರವಿದ್ದಾಗ ತಾಯಿಯ ಪಕ್ಷದಲ್ಲಿರುತ್ತಾರೆ. ಏರಿದ ದರದಲ್ಲಿ ಇಪ್ಪತ್ತನಾಲ್ಕು ನಾಣ್ಯಗಳನ್ನು ಹೊಸದಾಗಿ ಕೊಂಡು ಕೊಡುವುದು ಕನಸಿನ ಮಾತು. ಉಳಿದದ್ದು ವಾದ. ನಾನು ಗುರುವಾರ ಬೆಳಿಗ್ಗೆ ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿರುವಾಗ ಎದುರಿಗೆ ಕೂತೆ. ಸಂಪತ್ತು ನಿಂತಲ್ಲಿ ಕೊಳೆಯುತ್ತದೆ, ಚಲಿಸಿದರೆ ಸಮಾಜವನ್ನು ಪೋಷಿಸುತ್ತದೆ ಎಂದು ಆರಂಭಿಸಿ, ಮಾರಲು ಬಾರದ ಹೂಡಿಕೆ ಹೂಡಿಕೆಯೇ ಅಲ್ಲವೆಂದು ಮುಂದುವರಿದು, ದೇವರು ಲೋಹದಲ್ಲಿಲ್ಲ, ಭಾವದಲ್ಲಿದ್ದಾನೆ ಎಂಬಲ್ಲಿಗೆ ತಂದು ನಿಲ್ಲಿಸಿದೆ. ಕಾಲೇಜಿನಲ್ಲಾಗಿದ್ದರೆ ಚಪ್ಪಾಳೆ ಬೀಳುವ ಜಾಗ ಅದು.

"ಹೌದು," ಎಂದರು ಅತ್ತೆ, ಒಂದು ಕಲ್ಲನ್ನು ಆರಿಸಿ ಬದಿಗಿಡುತ್ತ. "ದೇವರು ಭಾವದಾಗ ಅದಾನ. ನನ್ನ ಭಾವ ಆ ನಾಣ್ಯದಾಗ ಐತಿ. ಈಗೇನ ಹೇಳ್ತಿ?"

ನಾನು ಮೊರದಿಂದ ಒಂದು ಕಲ್ಲನ್ನು ಆರಿಸಿ ಅವರು ಇಟ್ಟ ಕಲ್ಲಿನ ಪಕ್ಕದಲ್ಲಿಟ್ಟೆ.

"ಮನಿಗೆ ಬಂದ ಲಕ್ಷ್ಮಿನ್ನ ತಕ್ಕಡ್ಯಾಗ ಕುಂದ್ರಸ್ತಾರೇನ? ಪೂಜಿ ಮಾಡಿದ್ದನ್ನ ನಾ ಮಾರಾಕ ಬಿಡಂಗಿಲ್ಲ," ಎಂದು ಮೊರವನ್ನೊಮ್ಮೆ ಕೇರಿದರು. ಹೊಟ್ಟು ನನ್ನ ಕಡೆ ಹಾರಿತು.

ಶುಕ್ರವಾರ ಅತ್ತೆ ಗುಡಿಗೆ ಹೋದಾಗ ನಾನು ದೇವರ ಮಾಡದ ಮುಂದೆ ಬಹಳ ಹೊತ್ತು ನಿಂತಿದ್ದೆನೆಂಬುದನ್ನು ಬಚ್ಚಿಡುವುದಿಲ್ಲ. ಇಪ್ಪತ್ತನಾಲ್ಕು ನಾಣ್ಯ ಎತ್ತಿಕೊಂಡು ಹೋಗಬಹುದಿತ್ತು. ಅವು ಶಮೀಮಳವೇ, ಕಳವೂ ಅಲ್ಲ. ಬಟ್ಟಲಿಗೆ ಕೈಯನ್ನೂ ಹಾಕಿದೆ. ಬೆರಳೆಲ್ಲ ಕೆಂಪಾಯಿತು. ಆ ಕೆಂಪು ಒಬ್ಬ ಮುದುಕಿ ಐದು ತಿಂಗಳು, ವಾರ ತಪ್ಪದೆ, ಮೊಣಕಾಲ ನೋವಿನಲ್ಲಿ ನಿಂತು ಹಚ್ಚಿದ್ದು. ಶಮೀಮಳ ಎರಡು ವರ್ಷದ ಚಹಾ, ಸೀರೆ, ದಾರದ ತುಂಡು ಕೂಡ ಆ ಕೆಂಪಿನ ಕೆಳಗೇ ಇದ್ದವು. ಇಬ್ಬರದೂ ಉಳಿತಾಯವೇ. ಇಬ್ಬರ ಮಧ್ಯೆ ನಿಂತು ಸುಮ್ಮನಿದ್ದವಳು ನಾನೊಬ್ಬಳೇ. ಹೊಸ ಉಪಾಯ ಬೇಕಾಗಿರಲಿಲ್ಲ, ಐದು ತಿಂಗಳ ಹಿಂದೆ ಆಡಬೇಕಾಗಿದ್ದ ಮಾತು ಬೇಕಾಗಿತ್ತು. ಶಮೀಮಳಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಯಾ ಅಲ್ಲಾ," ಎಂದಳು. "ನನ್ನ ನಾಣ್ಯ ದೇವರಾಗ್ಯಾವಾ? ನೀ ಏನ್ ಮಾಡೀಯ ಲೇ... ಹೇಳಿಬಿಡು ಅಮ್ಮಗ. ಗೆಜ್ಜಿ ಆದರ ಆಗಲಿ. ಮಷೀನ್ ಹೋತಂದ್ರ ಮತ್ತ ಎಂಟ ವರ್ಷ ಜೇಬ ಹೊಲಿಬೇಕ ನಾನು."

ಅತ್ತೆ ಗುಡಿಯಿಂದ ಬಂದು ಚಪ್ಪಲಿ ಬಿಡುತ್ತಿರುವಾಗಲೇ ಹೇಳಿದೆ. "ಅತ್ತಿ, ಆ ನಾಣ್ಯದಾಗ ಅರ್ಧ ನಮ್ಮವಲ್ಲ. ಶಮೀಮಂದು. ಆಕಿ ಮಷೀನ್ ತಗೊಳ್ಳಾಕ ಕೂಡಿಟ್ಟದ್ದು. ಐತ್ವಾರ ಕೊಡಲಿಲ್ಲಂದ್ರ ಮಷೀನ್ ಹೋಗತೈತಿ."

ಅತ್ತೆ ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತರು. "ಮದ್ಲ ಬಾಯಿ ಬಿಡಾಕ ಏನಾಗಿತ್ತು ನಿನಗ? ಊರ ಮಂದಿ ಮುಂದ ತಾಸಗಟ್ಲೆ ಮಾತಾಡ್ತಿ."

"ನೀವು ಅವತ್ತು ಅತ್ರಿ. ಸಂತೋಷದಾಗ."

"ನಾ ಅತ್ತಿದ್ದು ಸೊಸಿಗೆ ಬುದ್ಧಿ ಬಂತಂತ. ಬಂದಿಲ್ಲಂತ ಈಗ ಗೊತ್ತಾತು."

ಒಳಗೆ ಹೋಗಿ, ನೀರು ಕುಡಿದು, ದೇವರ ಮಾಡದ ಮುಂದೆ ಕೂತರು. ಬೆನ್ನು ನನ್ನ ಕಡೆಗಿತ್ತು. ಯಾವ ತೀರ್ಪುಗಾರರ ಮುಂದೆಯೂ ನಾನು ಅಷ್ಟು ಅಂಜಿ ನಿಂತದ್ದಿಲ್ಲ. "ಮಂದಿ ಲಕ್ಷ್ಮಿಗೆ ಕೈ ಮುಗದು ನನ್ನ ಮನಿಗೆ ಒಳ್ಳೇದು ಮಾಡಂತ ಬೇಡೀನಿ," ಎಂದರು ತಮ್ಮಷ್ಟಕ್ಕೆ. "ಎಂಥಾ ಕೆಲಸಾತು."

"ಹಂಗಾರ ಮಾರಬಹುದಾ ಅತ್ತಿ?"

"ಮಾರಾಕ ಬರಂಗಿಲ್ಲ," ಎಂದು ತಿರುಗಿದರು. "ಕಳಸಾಕ ಬರತೈತಿ. ನಾಳಿಗೆ ಆಕಿನ್ನ ಕರಿ. ಮಧ್ಯಾಹ್ನ ಊಟಕ್ಕ ಇಲ್ಲೇ ಇರಲಿ."

ಶನಿವಾರ ಶಮೀಮ್ ಬಂದಳು. ಅತ್ತೆ ನಡುಮನೆಯಲ್ಲಿ ಮಣೆ ಹಾಕಿ ಅವಳನ್ನು ಕೂರಿಸಿದರು. ತವರಿನಿಂದ ಹೊರಡುವ ಹೆಣ್ಣುಮಗಳಿಗೆ ಉಡಿ ತುಂಬುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ಆದರೆ ಶಮೀಮಳಿಗೆ ಏನು ನಡೆಯುತ್ತಿದೆಯೆಂದು ತಿಳಿಯಲು ತುಸು ಹೊತ್ತು ಬೇಕಾಯಿತು. ಅತ್ತೆಯ ಕೈ ಕುಂಕುಮದ ಬಟ್ಟಲಿನ ಮೇಲೆ ಅರೆಗಳಿಗೆ ನಿಂತಿತು. ಅದನ್ನು ಬಿಟ್ಟು, ಮಲ್ಲಿಗೆಯ ಮಾಲೆ ತೆಗೆದು ಅವಳ ಮುಡಿಗಿಟ್ಟರು. "ಸೆರಗ ಹಿಡಿಯವ್ವಾ," ಎಂದರು. ಐದು ಬೊಗಸೆ ಸಿರುಗುಪ್ಪದ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಒಂದು ಕುಪ್ಪಸದ ಖಣ. ಆಮೇಲೆ ಹಿತ್ತಾಳೆಯ ಬಟ್ಟಲಿನಿಂದ ನಾಣ್ಯಗಳನ್ನು ಒಂದೊಂದಾಗಿ ತೆಗೆದು, ಕಣ್ಣಿಗೊತ್ತಿಕೊಂಡು, ಅಕ್ಕಿಯ ಮೇಲೆ ಹಾಕತೊಡಗಿದರು. ಇಪ್ಪತ್ತನಾಲ್ಕು ಮುಗಿಯಿತು. ಇನ್ನೊಂದು ಹಾಕಿದರು.

"ಅಮ್ಮಾ, ಒಂದ ಜಾಸ್ತಿ ಆತು," ಎಂದಳು ಶಮೀಮ್.

"ಉಡ್ಯಾಗ ಸರಿ ಸಂಖ್ಯಾ ಹಾಕಬಾರದು. ಅದು ನಮ್ಮ ಮನೀದು." ಅತ್ತೆ ಸೆರಗಿನ ತುದಿಯನ್ನು ತಾವೇ ಗಂಟು ಹಾಕಿದರು. "ನಮ್ಮ ಮನ್ಯಾಗಿಂದ ಲಕ್ಷ್ಮಿ ಮಾರಾಟಕ್ಕ ಹೋಗಲಿಲ್ಲ. ಮಗಳ ಉಡ್ಯಾಗ ಹೋದಳು. ಆಕಿ ಅದನ್ನ ಏನ್ ಮಾಡತಾಳ ಅಂತ ಲೆಕ್ಕಾ ಕೇಳೂ ಪದ್ಧತಿ ಇಲ್ಲ."

ನಾನು ಗೋಡೆಗೊರಗಿ ನಿಂತಿದ್ದೆ. ಗುರುವಾರ ನಾನು ಒಂದು ತಾಸು ತಳ್ಳಿದರೂ ಅಲುಗದ ಬಾಗಿಲನ್ನು ಅವರು ಒಳಗಿನಿಂದ ಚಿಲಕ ತೆಗೆದು ತೆರೆದಿದ್ದರು. ಸಂಪ್ರದಾಯವನ್ನು ಮುರಿಯುವುದೊಂದೇ ಸುಧಾರಣೆಯ ಮಾರ್ಗವೆಂದು ನಾನು ನಂಬಿದ್ದೆ. ಅದರೊಳಗೇ ಇನ್ನೊಂದು ಕೋಣೆಯಿರುತ್ತದೆ, ಅದರ ಕೀಲಿಕೈ ಒಳಗೆ ಬಾಳಿದವರ ಸೊಂಟದಲ್ಲಿರುತ್ತದೆ ಎಂಬುದನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

ಊಟ ಮುಗಿಸಿ ಇಬ್ಬರ ಜತೆ ಬೆಳ್ಳಿಯ ಅಂಗಡಿಗೆ ಹೋದೆ. ಅತ್ತೆ ಹೊರಗೆ ಕಟ್ಟೆಯ ಮೇಲೆ, ಬೀದಿಯ ಕಡೆ ಮುಖ ಮಾಡಿ ಕೂತರು; ತಾವು ನೋಡದಿದ್ದರಾಯಿತು ಎಂಬ ಲೆಕ್ಕ. ನಾನು ಜೋಪಾನವಾಗಿಟ್ಟ ಬಿಲ್ಲುಗಳನ್ನೆಲ್ಲ ಮೇಜಿನ ಮೇಲೆ ಹರವಿದೆ. ಅಂಗಡಿಯವರು ಕುಂಕುಮ ಮೆತ್ತಿದ ನಾಣ್ಯಗಳನ್ನು ಕಂಡು, "ಪೂಜಿದು ಅದಾವಲ್ರಿ ಅಕ್ಕಾರ," ಎಂದರು. ಹೌದೆಂದೆವು. ಅವರು ಒಂದೊಂದನ್ನೂ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಉದುರಿದ ಕುಂಕುಮವನ್ನು ಕಾಗದದಲ್ಲಿ ಮಡಿಸಿಟ್ಟು, ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಅದೇ ಕೈಯಿಂದ ತಕ್ಕಡಿಗೆ ಹಾಕಿದರು. ನಾನೂ ಅತ್ತೆಯೂ ಎರಡು ದಿನ ಎಳೆದಾಡಿದ ವಿಷಯವನ್ನು ಆ ಕೈ ಒಂದೇ ಚಲನೆಯಲ್ಲಿ ಮುಗಿಸಿತು. ತೂಕ ನೋಡಿ, ದರ ಹಾಕಿ, ತುಸು ಕಡಿತ ಮಾಡಿ ಹಣ ಎಣಿಸಿದರು. ಕಡಿತದಿಂದ ಮಷೀನಿನ ಬೆಲೆಗೆ ಕೊಂಚ ಕಡಿಮೆ ಬಿತ್ತು. ಶಮೀಮಳ ಮುಷ್ಟಿಯೊಂದು ಮುಚ್ಚಿಯೇ ಇತ್ತು. ನಾನು ಕಣ್ಣಲ್ಲೇ ಸೂಚಿಸಿದೆ. ಅವಳು ನೋಡದವಳಂತೆ ಎದ್ದಳು.

ಕೌಲ್ ಬಜಾರಿನ ಸೇಠ್ ಮಷೀನಿನ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ. ಶಮೀಮ್ ಮಷೀನಿನ ಕೆಳಗೆ ಕೂತು, ಎಣ್ಣೆ ಸೋರಿದ ಗುರುತನ್ನು ಬೆರಳಿನಿಂದ ಒರೆಸಿ ಅವನ ಮುಖದ ಮುಂದೆ ಹಿಡಿದಳು.

"ಇದಕ್ಕೆಷ್ಟ ಬಿಡ್ತೀ, ಭಾಯಿ?"

"ಅರೇ ಬಹೆನ್, ಎಣ್ಣಿ ಸೋರ್ತೈತಿ ಅಂದ್ರ ಎಣ್ಣಿ ಐತಿ ಅಂತ ಅರ್ಥ. ಒಣಗಿದ ಮಷೀನ್ ಬೇಕಾ ನಿನಗ?"

"ಒಣಗಿದ್ದು ಬ್ಯಾಡ, ಸೋರೂದೂ ಬ್ಯಾಡ. ರಾಯದುರ್ಗದವರಿಗೆ ಇದನ್ನ ತೋರಿಸೀಯೇನ?"

ಸೇಠ್ ಚಹಾ ಕೆಳಗಿಟ್ಟ. ಕಡಿಮೆ ಬಿದ್ದದ್ದು ಅಲ್ಲೇ ಸರಿಹೋಯಿತು. ವಿರೋಧ ಪಕ್ಷದಲ್ಲಿ ಮಾತನಾಡಿ ಪಳಗಿದವಳು ಅವಳು. ನನಗಿಂತ ಎಂದೂ ಚುರುಕು.

ಕಳೆದ ತಿಂಗಳು ಅತ್ತೆ-ಸೊಸೆ ಇಬ್ಬರೂ ಕುರುಗೋಡಿಗೆ ಹೋಗಿದ್ದೆವು. ಅವಳ ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಕೂತಿದೆ. ಎರಡು ಸೂಜಿಗಳು ಒಮ್ಮೆಗೇ ಇಳಿದು ಪ್ಯಾಂಟಿನ ಪಕ್ಕದಲ್ಲಿ ಜೋಡಿ ಸಾಲು ಬಿಡುತ್ತ ಸಾಗುವುದನ್ನು ಅತ್ತೆ ಸ್ಟೂಲಿನ ಮೇಲೆ ಕೂತು ನೋಡಿದರು. "ಎಡಕ ಸ್ವಲ್ಪ ವಾರಿ ಆತು ನೋಡು," ಎಂದರು. ನಿಜವಾಗಿಯೂ ಓರೆಯಾಗಿತ್ತು. ಶಮೀಮ್ ನಕ್ಕು, ಬಿಚ್ಚಿ, ಮತ್ತೆ ಹೊಲಿದಳು. ಅವಳ ಮನೆಯವರು ಚಹಾ ಮಾಡಿ ತಂದರು. ಹೆಂಡತಿ ಇಷ್ಟನ್ನು ಯಾವಾಗ ಕೂಡಿಟ್ಟಳೆಂಬ ಬೆರಗು ಅವರ ಮುಖದಿಂದ ಇನ್ನೂ ಹೋಗಿರಲಿಲ್ಲ. ನಾದಿನಿಯ ಮಗಳ ಮದುವೆಯ ಗೆಜ್ಜೆಗೆ ಇನ್ನು ಮುಂದೆ ತಿಂಗಳಿಗಿಷ್ಟೆಂದು ತಾವೂ ಉಳಿಸುವುದಾಗಿ ನನ್ನ ಎದುರಿಗೆ ಪ್ರತಿಜ್ಞೆ ಮಾಡಿದರು. ಗೆಜ್ಜೆ ಬೇಡ, ನಾಣ್ಯ ಕೊಡಿ ಎಂದು ನಾನು ಆರಂಭಿಸುವಷ್ಟರಲ್ಲಿ ಅತ್ತೆ ನನ್ನ ಮೊಣಕೈ ಚಿವುಟಿದರು.

ದಾರ ಬದಲಿಸಲು ಶಮೀಮ್ ಟೇಬಲಿನ ಖಾನೆಯನ್ನು ಎಳೆದಾಗ, ಸೂಜಿ, ಬಾಬಿನ್‌ಗಳ ನಡುವೆ, ಒಂದು ಖಣದ ಚೂರಿನಲ್ಲಿ ಆ ಇಪ್ಪತ್ತೈದನೆಯ ನಾಣ್ಯ ಕಂಡಿತು. ಒರೆಸಿರಲಿಲ್ಲ.

"ಇದನ್ನ ಯಾಕ ಮಾರಲಿಲ್ಲ ಲೇ?" ಎಂದು ಮೆಲ್ಲಗೆ ಕೇಳಿದೆ. "ಅವತ್ತು ಕಡಿಮಿ ಬಿದ್ದಿತ್ತು. ಈಗ ದರಾನೂ ಚಲೋ ಐತಿ."

"ಇದು ಮಾರೂದಲ್ಲ ನಿರ್ಮಲಾ. ಅಮ್ಮ ಕೊಟ್ಟದ್ದು," ಎಂದು ಅವಳು ಖಾನೆಯನ್ನು ಮುಚ್ಚಿ, ಸೂಜಿಗೆ ದಾರ ಪೋಣಿಸತೊಡಗಿದಳು.

ಮಾರಲಾಗದ ಬೆಳ್ಳಿ ಹೂಡಿಕೆಯಲ್ಲ. ಈ ವಾದ ನನ್ನ ನಾಲಿಗೆಯ ತುದಿಯಲ್ಲಿತ್ತು, ಉದಾಹರಣೆಗಳ ಸಮೇತ. ಅತ್ತೆ ಈ ಕಡೆಗೇ ನೋಡುತ್ತಿದ್ದರು. ನಾನು ಆ ಮಾತನ್ನು ಖರ್ಚು ಮಾಡಲಿಲ್ಲ.